ಪೇದೆಯ ರೈಫಲೂ ಅದರ ಕೈಗಾಪೂ

“ಯುದ್ಧಕಾಲೇ ಶಸ್ತ್ರಾಭ್ಯಾಸಃ” ಎಂಬ ಮಾತನ್ನು ನಮ್ಮ ಜನರು ಸಾಮಾನ್ಯವಾಗಿ ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚುವ ವಿದ್ಯಾರ್ಥಿಯನ್ನು ಹಾಸ್ಯ ಮಾಡುವುದಕ್ಕೆ ಉಪಯೋಗಿಸುತ್ತಾರೆ. ಆ ಮಾತಿನ ಅಕ್ಷರಾರ್ಥವನ್ನು ಕುರಿತು ಯೋಚಿಸುವ ಸಂದರ್ಭವು ಪತ್ರಿಕಾ ವ್ಯವಸಾಯದಲ್ಲಿರುವ ನಮ್ಮಂಥವರಿಗೆ ಒದಗುವುದು ಅಪರೂಪ. ಕಳೆದ ಬೇಸಗೆಯಲ್ಲಿ ಅದು ಒದಗಿತು. ಮಧುಗಿರಿಯಿಂದ ಪಾವಗಡ ಸೀಮೆಯ ಕ್ಯಾತಗಾನಚೆರ್ಲುವಿಗೆ ಹೋಗುತ್ತಿದ್ದಾಗ ಹಾದಿಯಲ್ಲೊಂದು ಕಡೆ ವಾಹನಗಳ ತಪಾಸಣೆ ನಡೆದಿತ್ತು. ನಮ್ಮ ಕಾರೂ ನಿಂತಿತು. ಅಲ್ಲಿ ಕಾವಲಿದ್ದ ಯುವಕ ಪೇದೆಯ ಕೈಯಲ್ಲಿ ಒಂದು ಎಸ್‌ಎಲ್‌ಆರ್ ರೈಫಲಿತ್ತು. ಅದರ ನಳಿಗೆಯ ಮೇಲಿನ ಹೊದಿಕೆಯು ಉದ್ದಕ್ಕೆ ಸೀಳಿಹೋಗಿತ್ತು; ಸೀಳಿದ ಹೋಳನ್ನು ವಿದ್ಯುತ್ ಕೆಲಸದವರ ಕಪ್ಪು ಟೇಪಿನಿಂದ ಮೂರು ಸುತ್ತು ಸುತ್ತಿ ನಿಲ್ಲಿಸಿದ್ದರು. ಪೇದೆಯು ರೈಫಲಿಗೂ ತನ್ನ ಅಂಗೈಗೂ ನಡುವೆ ಕರವಸ್ತ್ರವೊಂದನ್ನು ಮಡಿಸಿ ಹಿಡಿದಿದ್ದನು. ಇದೇಕಪ್ಪಾ ಎಂದು ಕೇಳಿದೆವು. “ಬಿಸಿಲಿಗೆ ಟೇಪು ಕರಗಿ ಕೈಗೆ ಅಂಟುತ್ತೆ ಸ್ವಾಮಿ” ಎಂದನು. ಅವನ ಮಾತಿನಲ್ಲಿ ದೂರಿನ ಧ್ವನಿಯಿರಲಿಲ್ಲ. ನಮ್ಮ ಮನಸ್ಸಿಗೆ ಹೆಚ್ಚು ನಾಟಿದ್ದು ಅದೇ.

ಆ ಪೇದೆ ಯಾವ ದಳದವನು, ಸ್ಥಳ ಯಾವುದು ಎಂಬುದನ್ನು ನಾವು ಇಲ್ಲಿ ಹೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಸತ್ಯವಾಗಿ ಉತ್ತರ ಕೊಟ್ಟ ಬಡಪಾಯಿಗೆ ಮೇಲಿನವರಿಂದ ಕಾಗದ ಬರುವಂತೆ ಮಾಡುವುದು ನಮ್ಮ ಉದ್ದೇಶವಲ್ಲ. ಒಬ್ಬ ಅಧಿಕಾರಿಯ ಮೇಲೆ ತಪ್ಪು ಹೊರಿಸುವುದೂ ನಮ್ಮ ಇಚ್ಛೆಯಲ್ಲ. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲವೆಂಬ ಗಾದೆ ಇಷ್ಟು ಯಥಾರ್ಥವಾಗಿ ನಮ್ಮ ಕಣ್ಣಿಗೆ ಬಿದ್ದಿದ್ದ ಪ್ರಸಂಗ ಮತ್ತೊಂದಿಲ್ಲ. ಆದುದರಿಂದ ವಾಚಕ ಮಹಾಶಯರು ಈ ದಿನ ರಾಜಕೀಯದ ಸುದ್ದಿಯನ್ನು ಸ್ವಲ್ಪ ಬದಿಗಿಟ್ಟು, ರೈಫಲಿನ ಒಂದು ಸಣ್ಣ ಅಂಗದ ವಿಚಾರವನ್ನು ನಮ್ಮೊಡನೆ ಪರ್ಯಾಲೋಚಿಸಬೇಕೆಂದು ಕೋರುತ್ತೇವೆ.

ಈ ಅಂಗಕ್ಕೆ ಇಂಗ್ಲಿಷಿನಲ್ಲಿ ಹ್ಯಾಂಡ್‌ಗಾರ್ಡ್ ಎಂದು ಹೆಸರು. ಠಾಣೆಗಳಲ್ಲಿಯೂ ಅದೇ ಮಾತು ನಡೆಯುತ್ತದೆ. ನಾವು ಕೈಗಾಪು ಎಂದು ಕರೆಯೋಣ. ತೋಟೆಯೊಳಗಿನ ಮದ್ದು ಉರಿದಾಗ ಹುಟ್ಟುವ ಶಾಖದಲ್ಲಿ ಒಂದು ಪಾಲು ಗುಂಡಿನೊಡನೆ ಹೊರಕ್ಕೆ ಹೋಗದೆ ನಳಿಗೆಯ ಉಕ್ಕಿನಲ್ಲಿಯೇ ಉಳಿಯುತ್ತದೆ. ಅರೆ ಸ್ವಯಂಚಾಲಿತ ರೈಫಲಿನಲ್ಲಿ, ಎಂದರೆ ಕುದುರೆಯನ್ನು ಒಮ್ಮೆ ಎಳೆದರೆ ಒಂದು ಗುಂಡು ಹಾರಿ ಮುಂದಿನ ತೋಟೆ ತಾನಾಗಿಯೇ ಒಳಕ್ಕೆ ಸೇರುವ ಬಂದೂಕಿನಲ್ಲಿ, ಈ ಕಾವು ಬಹು ಬೇಗ ಏರುತ್ತದೆ. ಎಸ್‌ಎಲ್‌ಆರಿನ ಮ್ಯಾಗಝೀನಿಗೆ ೨೦ ತೋಟೆಗಳು. ಅವನ್ನು ಬಿಡುವಿಲ್ಲದೆ ಹಾರಿಸಿದವನು ಬಳಿಕ ನಳಿಗೆಯನ್ನು ಬರಿಗೈಯಿಂದ ಹಿಡಿಯುವಂತಿಲ್ಲ. ಅದಲ್ಲದೆ ಈ ಜಾತಿಯ ರೈಫಲಿನಲ್ಲಿ ನಳಿಗೆಯಿಂದ ಸ್ವಲ್ಪ ಅನಿಲವು ಒಂದು ರಂಧ್ರದ ಮೂಲಕ ಮೇಲಕ್ಕೆ ಬಂದು ಕೊಂತವನ್ನು ಹಿಂದಕ್ಕೆ ತಳ್ಳಿ ಖಾಲಿ ತೋಟೆಯನ್ನು ಹೊರಹಾಕಿಸುತ್ತದೆ. ಆ ಭಾಗವೂ ಕಾಯುತ್ತದೆ. ಇವೆರಡನ್ನೂ ಮುಚ್ಚಿ, ಎಡಗೈಗೆ ಭದ್ರವಾದ ಹಿಡಿತವನ್ನು ಕೊಟ್ಟು, ಗಾಳಿಯಾಡುವುದಕ್ಕೆ ಕಂಡಿಗಳನ್ನು ಬಿಟ್ಟುಕೊಂಡಿರುವ ಹೊದಿಕೆಯೇ ಕೈಗಾಪು. ಇದು ಒಡೆದರೆ ರೈಫಲು ಸಿಡಿಯುವುದನ್ನು ನಿಲ್ಲಿಸುವುದಿಲ್ಲ. ಆದರೆ ಹಿಡಿದವನ ಕೈ ನಿಲ್ಲುವುದಿಲ್ಲ. ಕೈ ನಿಲ್ಲದಿದ್ದರೆ ಗುರಿ ನಿಲ್ಲುವುದಿಲ್ಲ. ಗುರಿ ತಪ್ಪಿದ ಗುಂಡು ಯಾರ ಮನೆಯ ಗೋಡೆಗೆ, ಯಾರ ಮಗನ ಎದೆಗೆ ತಗಲುವುದೆಂಬುದನ್ನು ಹೇಳಬಲ್ಲವರಾರು? ನಾಗರಿಕರ ನಡುವೆ ನಿಂತು ಕಾವಲು ಕಾಯುವ ಪೊಲೀಸರ ವಿಷಯದಲ್ಲಿ ಇದು ಸೈನ್ಯದವರಿಗಿಂತಲೂ ಹೆಚ್ಚಿನ ಜವಾಬ್ದಾರಿಯ ಮಾತು.

ನಮ್ಮ ದೇಶದಲ್ಲಿ ಈ ಅಂಗವು ಕಂಡ ಬದಲಾವಣೆಗಳನ್ನು ಸಂಕ್ಷೇಪವಾಗಿ ನೆನೆಯಬಹುದು. ಬ್ರಿಟಿಷರ ಕಾಲದ .೩೦೩ ರೈಫಲಿನಲ್ಲಿ ಮರದ ಹೊದಿಕೆಯು ನಳಿಗೆಯ ಮೂತಿಯವರೆಗೂ ಹೋಗುತ್ತಿತ್ತು. ಮಳೆಗಾಲದಲ್ಲಿ ಆ ಮರ ಉಬ್ಬಿ ನಳಿಗೆಯನ್ನು ಒತ್ತಿದರೆ ಗುಂಡು ಬೀಳುವ ಸ್ಥಳವೇ ಬೇರೆಯಾಗುತ್ತಿತ್ತು. ಪಲ್ಟನ್ನುಗಳ ಆರ್ಮರರುಗಳು ಆ ಮರವನ್ನು ಕೂರಿಸುವುದನ್ನೇ ಒಂದು ವಿದ್ಯೆಯಾಗಿ ಕಲಿತಿದ್ದರು. ೧೯೬೨ರಲ್ಲಿ ಹಿಮಾಲಯದಲ್ಲಿ ನಮ್ಮ ಯೋಧರು ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯಬೇಕಾದ ಆ ಹಳೆಯ ರೈಫಲನ್ನೇ ಹಿಡಿದು ಚೀನೀಯರನ್ನು ಎದುರಿಸಬೇಕಾಯಿತು. ಆ ಕಹಿಯಾದ ಅನುಭವದ ನಂತರ ಬೆಲ್ಜಿಯಂ ದೇಶದ ಎಫ್‌ಎನ್ ಕಂಪೆನಿಯ ನಮೂನೆಯನ್ನು ಅನುಸರಿಸಿ ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ೭.೬೨ ಮಿಲಿಮೀಟರಿನ ಎಸ್‌ಎಲ್‌ಆರ್ ತಯಾರಾಗಿ ಸೈನ್ಯಕ್ಕೆ ಬಂತು. ೧೯೯೦ರ ದಶಕದ ಕೊನೆಗೆ ಸೈನ್ಯವು ಪ್ಲಾಸ್ಟಿಕ್ ಹೊದಿಕೆಯ ಇನ್ಸಾಸ್ ರೈಫಲಿಗೆ ಬದಲಾಯಿಸಿಕೊಂಡಿತು. ಎಸ್‌ಎಲ್‌ಆರುಗಳು ಪೊಲೀಸ್ ದಳಗಳ ಪಾಲಿಗೆ ಉಳಿದುವು. ಸೈನ್ಯವು ಈಗ ಇನ್ಸಾಸನ್ನೂ ಬಿಡುತ್ತಿದೆ. ೨೦೧೯ರಲ್ಲಿ ೭೨,೪೦೦, ಮತ್ತೆ ೨೦೨೪ರಲ್ಲಿ ೭೩,೦೦೦ ಸಿಗ್ ರೈಫಲುಗಳಿಗೆ ಅಮೆರಿಕದಿಂದ ಒಪ್ಪಂದವಾಗಿದೆ. ಉತ್ತರ ಪ್ರದೇಶದ ಅಮೇಠಿಯ ಕೊರ್ವಾದಲ್ಲಿ ರಷ್ಯದವರ ಸಹಯೋಗದಿಂದ ಆರು ಲಕ್ಷಕ್ಕೂ ಮೇಲ್ಪಟ್ಟು ಎಕೆ-೨೦೩ ರೈಫಲುಗಳನ್ನು ಮಾಡುವುದೆಂದು ೨೦೨೧ರಲ್ಲಿ ಕರಾರಾಗಿದೆ. ಇವೆಲ್ಲ ಸಂತೋಷದ ವಿಷಯಗಳೇ. ಆದರೆ ಹೊಸ ರೈಫಲುಗಳು ಮೊದಲು ಸೇರುವುದು ಗಡಿಯ ಯೋಧನ ಕೈಯನ್ನು, ಹಾಗಾಗಬೇಕಾದುದೇ ನ್ಯಾಯ. ತಾಲ್ಲೂಕಿನ ಪೇದೆಯ ಕೈಯಲ್ಲಿ ಹಳೆಯ ರೈಫಲೇ ಇನ್ನೂ ಬಹುಕಾಲ ಇರುವುದೆಂಬುದನ್ನು ಒಪ್ಪಿಕೊಂಡು ಮಾತನಾಡುವುದು ವಿವೇಕ.

ಹಾಗಾದರೆ ಒಡೆದ ಕೈಗಾಪಿನ ಸ್ಥಳದಲ್ಲಿ ಯಾವುದನ್ನು ಹಾಕಬೇಕು? ಈ ಪ್ರಶ್ನೆಯನ್ನು ನಾವು ಕ್ಯಾತಗಾನಚೆರ್ಲುವಿನಲ್ಲಿ ಭೂಸೇನೆಯಿಂದ ನಿವೃತ್ತರಾಗಿ ಬೇಸಾಯ ಮಾಡಿಕೊಂಡಿರುವ ಹವಾಲ್ದಾರರೊಬ್ಬರ ಮುಂದಿಟ್ಟೆವು. ನಾವು ಹೋಗಿದ್ದುದೂ ಅವರನ್ನು ಕಾಣಲೆಂದೇ. ಈ ಗ್ರಾಮದ ಹೆಸರನ್ನು ನಗರದ ಓದುಗರು ಕೇಳದೆ ಇರಬಹುದು. ಆದರೆ ಅದರ ಬಿಸಿಲಿನ ಫಲವನ್ನು ಅನುಭವಿಸದವರಿಲ್ಲ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು ೧೩ ಸಾವಿರ ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ ಪಾವಗಡದ ಸೌರ ಉದ್ಯಾನವು ೨೦೧೯ರ ಕೊನೆಯಲ್ಲಿ ಪೂರ್ಣಗೊಂಡಿತು. ಅದರ ಸಾಮರ್ಥ್ಯ ೨,೦೫೦ ಮೆಗಾವಾಟ್. ಮಳೆ ಕೈಕೊಟ್ಟ ಸೀಮೆಯಲ್ಲಿ ಬಿಸಿಲನ್ನೇ ಬೆಳೆಯನ್ನಾಗಿ ಮಾಡಿಕೊಂಡ ಸರ್ಕಾರಕ್ಕೆ, ಅದೇ ಬಿಸಿಲು ಪೇದೆಯ ರೈಫಲಿನ ಮೇಲೂ ಬೀಳುತ್ತದೆಂಬುದನ್ನು ನಾವು ಹೊಸದಾಗಿ ತಿಳಿಸಬೇಕಾಗಿಲ್ಲವಷ್ಟೆ!

ಹವಾಲ್ದಾರರು ನಮ್ಮ ಪ್ರಶ್ನೆಗೆ ಬಾಯಿಂದ ಉತ್ತರ ಹೇಳಲಿಲ್ಲ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿನಲ್ಲಿ ನಮ್ಮನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಕೊಳವೆಬಾವಿಯ ಪಂಪಿಗೆ ಹಾಕಿಸಿದ್ದ ಸೌರಫಲಕದ ಅಂಚನ್ನು ತೋರಿಸಿ, “ಇದರ ಮೇಲೆ ಕೈ ಇಡಿ ಸ್ವಾಮಿ” ಎಂದರು. ಅದು ಅಲ್ಯೂಮಿನಿಯಂ ಚೌಕಟ್ಟು. ಕೈಯಿಟ್ಟೆವು, ಇಟ್ಟ ಕ್ಷಣದಲ್ಲಿಯೇ ಹಿಂದಕ್ಕೆ ಸೆಳೆದುಕೊಂಡೆವು. ಪಕ್ಕದಲ್ಲಿ ಅದೇ ಬಿಸಿಲಿಗೆ ಒಂದು ಹಳೆಯ ನೇಗಿಲು ಬಿದ್ದಿತ್ತು. “ಇನ್ನು ಈ ಮೇಣಿ ಹಿಡಿದು ನೋಡಿ” ಎಂದರು. ಅದೂ ಬಿಸಿಯಾಗಿಯೇ ಇತ್ತು. ಆದರೆ ಹಿಡಿದುಕೊಂಡು ನಿಲ್ಲಬಹುದಾಗಿತ್ತು. ಇದಕ್ಕಿಂತ ಸುಲಭವಾದ ಭೌತಶಾಸ್ತ್ರದ ಪಾಠವನ್ನು ನಾವು ಮೆಟ್ರಿಕ್ಯುಲೇಷನ್ ತರಗತಿಯಲ್ಲಿಯೂ ಕೇಳಿರಲಿಲ್ಲ. ಅಲ್ಯೂಮಿನಿಯಂ ಶಾಖವನ್ನು ಉಕ್ಕಿಗಿಂತ ಮೂರು ನಾಲ್ಕು ಪಾಲು ಬೇಗ ಸಾಗಿಸುತ್ತದೆ. ಮರವೂ ಪ್ಲಾಸ್ಟಿಕ್ಕೂ ಸಾಗಿಸುವುದು ಅತ್ಯಲ್ಪ.

ಹಾಗಾದರೆ ಮರವೇ ಶ್ರೇಷ್ಠವೋ ಎಂದು ನಾವು ಆತುರದಿಂದ ಕೇಳಿದೆವು. ಹಿರಿಯರು ನಕ್ಕರು. ಹಾಗೆಂದು ತಾವು ಹೇಳಲಿಲ್ಲವೆಂದರು. ಮರವು ಕೈಗೆ ಹಿತ. ಆದರೆ ಎಣ್ಣೆ ಕಾಣದೆ ಪಾವಗಡದ ಒಣಹವೆಯಲ್ಲಿ ವರ್ಷಗಟ್ಟಲೆ ನಿಂತರೆ ಸೀಳುತ್ತದೆ, ಆಗುಂಬೆಯ ಮಳೆಗೆ ಸಿಕ್ಕಿದರೆ ಉಬ್ಬುತ್ತದೆ. ಗಾಜಿನ ನಾರು ಬೆರೆಸಿದ ನೈಲಾನಿನ ಕೈಗಾಪು ಹಗುರ, ಉಬ್ಬುವುದಿಲ್ಲ, ಕೊಳೆಯುವುದಿಲ್ಲ. ಆದರೆ ಅಗ್ಗದ ಮಾಲಾದರೆ ಬಿಸಿಲಿಗೆ ಪೆಡಸಾಗಿ ಒಂದು ದಿನ ಲಾರಿಯಿಂದ ಇಳಿಯುವಾಗ ತಗಲಿದ ಪೆಟ್ಟಿಗೇ ಒಡೆಯುತ್ತದೆ. ಅದರ ಒಳಮೈಗೆ ತೆಳುವಾದ ಲೋಹದ ತಗಡನ್ನು ಕೂರಿಸಿದ್ದರೆ ನಳಿಗೆಯ ಕಾವು ನೇರವಾಗಿ ಹೊದಿಕೆಗೆ ತಟ್ಟುವುದಿಲ್ಲ; ತಗಡಿಲ್ಲದ್ದನ್ನು ಕೊಂಡರೆ ದುಡ್ಡು ಉಳಿಯಬಹುದು, ಕೈ ಉಳಿಯದು. ಅಲ್ಯೂಮಿನಿಯಂ ಗಟ್ಟಿ, ಬಾಗುವುದಿಲ್ಲ, ಅದಕ್ಕೆ ಕಟ್ಟಿದ ದೀಪವು ಅಲ್ಲಾಡುವುದಿಲ್ಲ. ಆದರೆ ಹಗಲಿಡೀ ಬಿಸಿಲಲ್ಲಿ ನಿಲ್ಲುವವನಿಗೆ ಅದು ಕೈಗವಸನ್ನು ಕೇಳುತ್ತದೆ. “ಯಾವುದು ಒಳ್ಳೆಯದು ಅಂತ ಅಂಗಡಿಯವನ್ನ ಕೇಳಬೇಡಿ, ಹಗಲು ಕಾಯ್ತೀಯೋ ರಾತ್ರಿ ಕಾಯ್ತೀಯೋ ಅಂತ ಹಿಡಿದವನ್ನ ಕೇಳಿ” ಎಂದು ಅವರು ಮುಗಿಸಿದರು. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವುದೆಲ್ಲವೂ ಆ ಒಂದು ವಾಕ್ಯದಲ್ಲಿ ಅಡಗಿದೆ.

ಕೈಗಾಪನ್ನು ಜೋಡಿಸುವ ರೀತಿಯಲ್ಲಿಯೂ ಭೇದಗಳುಂಟು. ಹಳೆಯ ಪದ್ಧತಿಯಲ್ಲಿ ಅದು ಮುಂದೆಯೂ ಹಿಂದೆಯೂ ನಳಿಗೆಗೆ ಒರಗಿ ನಿಲ್ಲುತ್ತದೆ. ಕೈಯ ಒತ್ತಡವೂ ಮರಳುಚೀಲದ ಮೇಲೆ ಊರಿದಾಗಿನ ಭಾರವೂ ನಳಿಗೆಗೆ ತಗಲಿ, ದೂರದ ಗುರಿಯಲ್ಲಿ ಗುಂಡು ಸ್ವಲ್ಪ ಸರಿಯುತ್ತದೆ. ಹೊಸ ಪದ್ಧತಿಯಲ್ಲಿ ಕೈಗಾಪನ್ನು ಹಿಂದುಗಡೆ ರೈಫಲಿನ ಒಡಲಿಗೆ ಮಾತ್ರ ಬಿಗಿದು ನಳಿಗೆಯನ್ನು ಮುಟ್ಟದಂತೆ ಬಿಡುತ್ತಾರೆ. ನಿಖರವಾದ ಗುರಿ ಬೇಕಾದವರಿಗೆ ಇದು ಮೇಲು. ಆದರೆ ಅದಕ್ಕೆ ಒಪ್ಪುವಂತೆ ರೈಫಲೂ ರಚಿತವಾಗಿರಬೇಕು, ಬೆಲೆಯೂ ಹೆಚ್ಚು. ನೂರು ಗಜದೊಳಗಿನ ಕಾವಲಿಗೆ ನಿಂತ ಪೇದೆಗೆ ಇದು ಅವಶ್ಯವೆಂದು ನಮಗೆ ತೋರುವುದಿಲ್ಲ.

ಇನ್ನು ದೀಪ, ಮುಂಗೈಹಿಡಿ ಮೊದಲಾದುವನ್ನು ಕಟ್ಟುವ ಏರ್ಪಾಡು. ಅಮೆರಿಕದ ಪಿಕಟಿನಿ ಶಸ್ತ್ರಾಗಾರದ ಹೆಸರಿನ ಹಲ್ಲುಪಟ್ಟಿಗಳು ೧೯೯೫ರಲ್ಲಿ ಅಲ್ಲಿಯ ಸೈನ್ಯದ ಪ್ರಮಾಣವಾದುವು. ನಾಲ್ಕು ಕಡೆಯೂ ಹಲ್ಲುಪಟ್ಟಿಯಿದ್ದ ಕೈಗಾಪನ್ನು ಹಿಡಿದವರ ಅಂಗೈ ತರಚಿತು, ರೈಫಲಿನ ಮೂತಿ ಭಾರವಾಯಿತು. ಬಳಿಕ ಹಲ್ಲುಗಳನ್ನು ತೆಗೆದು ಬರಿಯ ಸೀಳುಕಂಡಿಗಳನ್ನು ಕೊರೆದು, ಬೇಕಾದ ಕಡೆಯಲ್ಲಿ ಮಾತ್ರ ಸಲಕರಣೆಯನ್ನು ಬಿಗಿಯುವ ಎಂ-ಲಾಕ್ ಎಂಬ ಕ್ರಮವು ೨೦೧೪ರ ಸುಮಾರಿಗೆ ಬಂದು ಹರಡಿತು. ಮೊದಲು ಎಲ್ಲ ಕಡೆಯೂ ಹೇರಿ, ನೊಂದು, ಆಮೇಲೆ ಬೇಕಾದಷ್ಟನ್ನೇ ಉಳಿಸಿಕೊಂಡ ಅವರ ಅನುಭವವನ್ನು ನಾವು ಹಣ ಕೊಡದೆ ಕಲಿಯಬಹುದು. ಎಸ್‌ಎಲ್‌ಆರ್ ಖಾಲಿಯಾಗಿದ್ದಾಗಲೇ ನಾಲ್ಕು ಕಿಲೋಗ್ರಾಮಿಗೂ ಮೇಲೆ ತೂಗುತ್ತದೆ. ಅದರ ಮೂತಿಗೆ ಇನ್ನಷ್ಟು ಭಾರವನ್ನು ಹೊರಿಸುವ ಮೊದಲು ಎಂಟು ಗಂಟೆ ಹೊತ್ತು ನಿಲ್ಲುವವನನ್ನು ಒಂದು ಮಾತು ಕೇಳುವುದು ಧರ್ಮ. ರಾತ್ರಿಯ ಕಾವಲಿಗೆ ಒಂದು ದೀಪ ಅಗತ್ಯ, ಮಿಕ್ಕುವು ಅಲಂಕಾರ. ಗುರಿದರ್ಶಕವನ್ನಂತೂ ಅಲುಗುವ ಕೈಗಾಪಿನ ಮೇಲೆ ಕೂರಿಸಲೇಬಾರದು. ಕೈಗಾಪು ಸರಿದಂತೆ ಗುರಿಯೂ ಸರಿಯುತ್ತದೆ.

ಬಿಡಿಭಾಗಗಳ ವಿಷಯದಲ್ಲಿಯೂ ಅಮೆರಿಕನ್ನರ ಇನ್ನೊಂದು ಅನುಭವವು ನಮ್ಮ ಉಗ್ರಾಣದ ಅಧಿಕಾರಿಗಳಿಗೆ ಬೋಧಪ್ರದವಾಗಿದೆ. ಅವರ ಎಂ-೧೬ ರೈಫಲಿನ ಮೊದಲ ಕೈಗಾಪು ತ್ರಿಕೋನಾಕಾರದ್ದು. ಅದಕ್ಕೆ ಎಡದ ಹೋಳು ಬೇರೆ, ಬಲದ ಹೋಳು ಬೇರೆ. ಉಗ್ರಾಣದಲ್ಲಿ ಬಲದ ಹೋಳುಗಳು ರಾಶಿ ಬಿದ್ದಿದ್ದರೂ ಎಡದ್ದು ಒಡೆದರೆ ಪ್ರಯೋಜನವಿಲ್ಲ. ೧೯೮೦ರ ದಶಕದಲ್ಲಿ ಬಂದ ಎ-೨ ಎಂಬ ನಮೂನೆಯಲ್ಲಿ ಕೈಗಾಪನ್ನು ದುಂಡಗೆ ಮಾಡಿ, ಮೇಲಿನ ಹೋಳು ಕೆಳಗಿನ ಹೋಳು ಎರಡನ್ನೂ ಒಂದೇ ಅಚ್ಚಿನಲ್ಲಿ ತೆಗೆದರು. ಯಾವುದು ಒಡೆದರೂ ಅದೇ ಒಂದು ಹೋಳು ಒಪ್ಪುತ್ತದೆ. ಯಾವ ಮಹಾಯಂತ್ರವೂ ಇದಕ್ಕೆ ಬೇಕಾಗಲಿಲ್ಲ. ಉಗ್ರಾಣದವನ ಕಷ್ಟವನ್ನು ಒಬ್ಬರು ಕಿವಿಗೊಟ್ಟು ಕೇಳಿದುದೇ ಸಾಕಾಯಿತು.

ಹಳೆಯದನ್ನು ತೆಗೆದು ಹೊಸದನ್ನು ಹಾಕುವ ಕೆಲಸ ನೋಡುವುದಕ್ಕೆ ಸುಲಭ. ಎಸ್‌ಎಲ್‌ಆರಿನಲ್ಲಿ ಮುಂತುದಿಯ ತಿರುಪನ್ನು ಬಿಚ್ಚಿದರೆ ಎರಡು ಹೋಳುಗಳೂ ಕಳಚುತ್ತವೆ. ಕಲಾಶ್ನಿಕೋವಿನಲ್ಲಿ ಪಕ್ಕದ ಸಣ್ಣ ಸನ್ನೆಯನ್ನು ತಿರುಗಿಸಬೇಕು. ಅಮೆರಿಕದ ರೈಫಲಿನಲ್ಲಿ ಹಿಂದಿನ ಸ್ಪ್ರಿಂಗಿನ ಬಳೆಯನ್ನು ಎಳೆಯಬೇಕು. ಸುಲಭವೆಂಬುದರಿಂದಲೇ ಇದನ್ನು ಕಂಡಕಂಡವರು ಮಾಡತೊಡಗುತ್ತಾರೆ. ಕೇಡು ಅಲ್ಲಿಂದ ಪ್ರಾರಂಭವಾಗುತ್ತದೆ. ಮೊದಲು ಮ್ಯಾಗಝೀನನ್ನು ತೆಗೆದು, ಕೋಣೆಯಲ್ಲಿ ತೋಟೆಯಿಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನಿಶ್ಚಯ ಮಾಡಿಕೊಳ್ಳಬೇಕು. ಹೊಸ ಕೈಗಾಪು ಆ ನಮೂನೆಗೇ ಸೇರಿದ್ದಾಗಿರಬೇಕು. ಉಜ್ಜಿ ಕೆರೆದು ಒತ್ತಾಯದಿಂದ ಕೂರಿಸಬಾರದು. ಅದು ಅನಿಲದ ಹತೋಟಿಯ ತಿರುಪನ್ನು ಮುಚ್ಚಬಾರದು, ಗಾಳಿಯ ಕಂಡಿಗಳು ಮುಚ್ಚಿಹೋಗಬಾರದು, ಅಲ್ಲಾಡಿಸಿದರೆ ಗಡಗಡಿಸಬಾರದು. ಇಷ್ಟೆಲ್ಲ ಆದ ಮೇಲೂ ಗುರಿ ಮೈದಾನಕ್ಕೆ ಕೊಂಡೊಯ್ದು ನಾಲ್ಕಾರು ತೋಟೆಗಳನ್ನು ಹಾರಿಸಿ ಗುರಿ ಹಿಂದಿನಂತೆಯೇ ಇದೆಯೇ ಎಂದು ಪರೀಕ್ಷಿಸದೆ ಆ ರೈಫಲನ್ನು ಕಾವಲಿಗೆ ಕೊಡಬಾರದು. ಇದು ಆರ್ಮರರನ ಕೆಲಸ. ಟೇಪಿನ ಅಂಗಡಿಯವನ ಕೆಲಸವಲ್ಲ. ಈ ಪರೀಕ್ಷೆಗೆ ಬೇಕಾದ ತೋಟೆಗಳ ಲೆಕ್ಕಕ್ಕಾಗಿ ಕಡತಗಳು ಮೇಜಿನಿಂದ ಮೇಜಿಗೆ ಅಲೆಯುವಂತಾದರೆ, ಬದಲಾವಣೆ ಆಗದಿದ್ದುದೇ ಲೇಸೆನ್ನಬೇಕಾದೀತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಲೇಖನವೇ ಎಂದು ಕೇಳುವ ವಾಚಕರಿಗೆ ನಾವು ಪಾವಗಡ ತಾಲ್ಲೂಕಿನದೇ ಒಂದು ರಾತ್ರಿಯನ್ನು ನೆನಪಿಗೆ ತರುತ್ತೇವೆ. ೨೦೦೫ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ರಾಜ್ಯ ಮೀಸಲು ಪೊಲೀಸರ ಮೇಲೆ ನಕ್ಸಲೀಯರು ಗುಂಪುಗೂಡಿ ಬಂದು ಕತ್ತಲಲ್ಲಿ ಬಿದ್ದರು. ಹಲವು ಮಂದಿ ಪೊಲೀಸರೂ ಒಬ್ಬ ನಾಗರಿಕನೂ ಪ್ರಾಣ ಕಳೆದುಕೊಂಡರು. ಆ ದುರಂತಕ್ಕೆ ಕೈಗಾಪು ಕಾರಣವೆಂದು ಹೇಳುವಷ್ಟು ಅವಿವೇಕಿಗಳು ನಾವಲ್ಲ. ಸತ್ತವರ ನೆನಪನ್ನು ವಾದದ ಸಲಕರಣೆಯನ್ನಾಗಿ ಮಾಡಿಕೊಳ್ಳುವುದೂ ನಮಗೆ ಸಲ್ಲದು. ನಾವು ಹೇಳುವುದಿಷ್ಟೆ: ತಾಲ್ಲೂಕಿನ ಪೇದೆಯ ಕೈಯಲ್ಲಿರುವ ರೈಫಲು ಮೆರವಣಿಗೆಯ ಆಭರಣವಲ್ಲ. ಅದು ಎಂದಾದರೂ ಒಂದು ರಾತ್ರಿ, ಮುನ್ಸೂಚನೆಯಿಲ್ಲದೆ, ಅವನ ಮತ್ತು ಅವನ ಹಿಂದೆ ಮಲಗಿರುವ ಊರಿನ ಪ್ರಾಣಕ್ಕೆ ಆಧಾರವಾಗಬೇಕಾಗುತ್ತದೆ. ಆ ರಾತ್ರಿ ಟೇಪಿನ ಸುತ್ತು ಬಿಚ್ಚಿಕೊಂಡರೆ ಅವನು ಯಾರಿಗೆ ಅರ್ಜಿ ಬರೆದುಕೊಳ್ಳಬೇಕು?

೨೦೨೫ರ ಜನವರಿಯಲ್ಲಿ ಆರು ಮಂದಿ ನಕ್ಸಲೀಯರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದ ಮೇಲೆ ಆ ಭಯವೇ ತೀರಿತಲ್ಲ ಎಂದು ಕೆಲವರು ಹೇಳಬಹುದು. ಶಾಂತಿ ನೆಲಸಿದ್ದಕ್ಕೆ ನಮಗೂ ಸಂತೋಷವೇ. ಆದರೆ ಮನೆಯ ಮಾಡನ್ನು ಮಳೆಯಿಲ್ಲದಾಗ ಕಟ್ಟುವಂತೆ, ಆಯುಧವನ್ನು ಸರಿಪಡಿಸುವುದಕ್ಕೆ ಶಾಂತಿಯ ಕಾಲವೇ ತಕ್ಕ ಕಾಲ. ನಾವು ಮೊದಲಲ್ಲಿ ಹೇಳಿದ ಸಂಸ್ಕೃತದ ಮಾತಿನ ತಾತ್ಪರ್ಯವೂ ಅದೇ. ಪೊಲೀಸರಿಗೆ ಇರಲು ಮನೆಯಿಲ್ಲ, ರಜೆಯಿಲ್ಲ, ಹೀಗಿರುವಾಗ ಕೈಗಾಪಿನ ಮಾತೇಕೆ ಎಂದು ಮತ್ತೆ ಕೆಲವರು ಆಕ್ಷೇಪಿಸಬಹುದು. ಮನೆಗೂ ರಜೆಗೂ ನಾವು ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ದೊಡ್ಡ ಖರ್ಚಿನ ಕೆಲಸ ಆಗಲಿಲ್ಲವೆಂಬುದು ಸಣ್ಣ ಖರ್ಚಿನ ಕೆಲಸವನ್ನು ಬಿಡುವುದಕ್ಕೆ ನೆಪವಾಗಲಾರದು.

ಅಧಿಕಾರಿವರ್ಗದ ಆಕ್ಷೇಪಣೆಯೊಂದು ನಿಜವಾಗಿಯೂ ತೂಕದ್ದು. ಪ್ರತಿಯೊಬ್ಬ ಪೇದೆಯೂ ತನ್ನ ಇಷ್ಟದಂತೆ ಕೈಗಾಪನ್ನು ಆರಿಸಿಕೊಂಡರೆ ಉಗ್ರಾಣ ನಡೆಯುವುದು ಹೇಗೆ ಎಂದು ಅವರು ಕೇಳುತ್ತಾರೆ. ಸರಿಯಾದ ಮಾತು. ನಾವು ಅಂಥ ಸ್ವೇಚ್ಛೆಯನ್ನು ಬೇಡುತ್ತಿಲ್ಲ. ಒಂದು ದಳಕ್ಕೆ ಒಂದು ನಮೂನೆಯೇ ಇರಲಿ. ಆದರೆ ಆ ನಮೂನೆಯನ್ನು ನಿರ್ಣಯಿಸುವಾಗ ಬೆಂಗಳೂರಿನ ತಂಪು ಕೊಠಡಿಯಲ್ಲಿ ಬಣ್ಣದ ಚಿತ್ರಗಳ ಪುಸ್ತಕವನ್ನು ತಿರುವಿ ಕಡಿಮೆ ದರದವನಿಗೆ ಸಹಿ ಹಾಕುವುದಕ್ಕೆ ಬದಲಾಗಿ, ಮೂರು ನಾಲ್ಕು ಮಾದರಿಗಳನ್ನು ತರಿಸಿ ಏಪ್ರಿಲ್ ತಿಂಗಳಲ್ಲಿ ಪಾವಗಡದ ಬಿಸಿಲಿನಲ್ಲಿಯೂ ಜುಲೈಯಲ್ಲಿ ಮಲೆನಾಡಿನ ಮಳೆಯಲ್ಲಿಯೂ ಪೇದೆಗಳ ಕೈಗೆ ಕೊಟ್ಟು, ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಲಿ. ಎತ್ತಿನ ಹೆಗಲಿಗೆ ನೊಗ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಎತ್ತಿನ ಮೇ‌ಲೆ ಇಟ್ಟು ನೋಡದ ಬಡಗಿಯನ್ನು ನಮ್ಮ ರೈತರು ಎರಡನೆಯ ಸಲ ಕರೆಯುವುದಿಲ್ಲ.

ಇದನ್ನು ತಯಾರಿಸುವವರಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಸಮುದ್ರವನ್ನು ದಾಟಬೇಕಾಗಿಲ್ಲ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಖಾಸಗಿ ಸಂಸ್ಥೆಯು ರೈಫಲುಗಳನ್ನೂ ಹಳೆಯ ಕಲಾಶ್ನಿಕೋವುಗಳಿಗೆ ಹೊಸ ಕೈಗಾಪು ಮೊದಲಾದ ಸಲಕರಣೆಗಳನ್ನೂ ನಿರ್ಮಿಸುತ್ತಿದೆ. ನಮ್ಮ ತುಮಕೂರು ಜಿಲ್ಲೆಯನ್ನೇ ನೋಡಿರಿ. ವಸಂತನರಸಾಪುರದಲ್ಲಿ ಯಂತ್ರೋಪಕರಣಗಳ ಉದ್ಯಾನವಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ೨೦೨೩ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ತೆರೆಯಿತು. ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ಅಳತೆಯಲ್ಲಿ ಗಡಿಯಾರ ಮಾಡಿದ ಕೈಗಳಿದ್ದುವು. ೨೦೧೬ರಲ್ಲಿ ಆ ಗಡಿಯಾರದ ಸಂಸ್ಥೆಯನ್ನೇ ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿತು. ಹೆಲಿಕಾಪ್ಟರನ್ನು ಕಟ್ಟುವ, ಗಡಿಯಾರವನ್ನು ಕಟ್ಟಿದ ಜಿಲ್ಲೆಗೆ ಒಂದು ನೈಲಾನಿನ ಅಚ್ಚು ಭಾರವೇ? ನಮೂನೆಯನ್ನೂ ಅಳತೆಯ ಗೇಜನ್ನೂ ಸರ್ಕಾರದವರು ಕೊಟ್ಟು, ಪರವಾನಗಿಯುಳ್ಳ ಕಾರ್ಖಾನೆಗಳಿಂದ ಮಾಡಿಸಿ, ಪ್ರತಿ ತಂಡದ ಮಾಲನ್ನೂ ಪರೀಕ್ಷಿಸಿ ತೆಗೆದುಕೊಂಡರೆ ಹಣವೂ ಇಲ್ಲಿಯೇ ಉಳಿಯುತ್ತದೆ, ಒಡೆದಾಗ ಬದಲಿ ಹೋಳೂ ವಾರದೊಳಗೆ ಬರುತ್ತದೆ. ಸ್ವದೇಶಿ ಎಂಬುದಕ್ಕೆ ನಾವು ಕೊಡುವ ಅರ್ಥ ಇದು. ಕಳಪೆಯನ್ನು ಸ್ವದೇಶಿಯೆಂಬ ಹೆಸರಿನಿಂದ ಪೇದೆಯ ಕೈಗೆ ಕಟ್ಟುವುದನ್ನು ನಾವು ಪರದೇಶಿಯ ಮೋಸಕ್ಕಿಂತಲೂ ಹೀನವೆಂದೆಣಿಸುತ್ತೇವೆ.

ನಮ್ಮ ನಾಗರಿಕ ವಾಚಕರಿಗೂ ಒಂದು ಮಾತು. ಕಡಲೆಕಾಯಿ ಹೊಲವನ್ನು ಕಾಡುಹಂದಿಯಿಂದ ಕಾಪಾಡುವುದಕ್ಕೆ ಪರವಾನಗಿ ಪಡೆದ ಒಂಟಿ ನಳಿಗೆಯ, ಜೋಡು ನಳಿಗೆಯ ಬಂದೂಕುಗಳು ನಮ್ಮ ಸೀಮೆಯ ಕೆಲವು ಮನೆಗಳಲ್ಲಿವೆ. ಅವುಗಳ ಮುಂಗೈಯ ಮರಕ್ಕೂ ಈ ಲೇಖನದ ಮಾತು ಅನ್ವಯಿಸುತ್ತದೆ. ವರ್ಷಕ್ಕೊಮ್ಮೆ ಎಣ್ಣೆ ಕಾಣಿಸಿರಿ, ಸಡಿಲವಾಗಿದ್ದರೆ ಪರವಾನಗಿಯುಳ್ಳ ಬಂದೂಕಿನ ಅಂಗಡಿಗೆ ಒಯ್ಯಿರಿ. ಆದರೆ ಚಲನಚಿತ್ರಗಳನ್ನು ನೋಡಿ ಮರುಳಾದ ತರುಣರು ಪರದೇಶದಿಂದ ಬಂದೂಕಿನ ಭಾಗಗಳನ್ನು ತರಿಸುವ ಯೋಚನೆಯನ್ನು ಬಿಡುವುದು ಒಳ್ಳೆಯದು. ೧೯೫೯ರ ಶಸ್ತ್ರ ಕಾಯಿದೆಯಲ್ಲಿ ಆಯುಧವೆಂಬ ಮಾತು ಅದರ ಭಾಗಗಳನ್ನೂ ಒಳಗೊಳ್ಳುತ್ತದೆ; ಆಯುಧಗಳನ್ನು ತಯಾರಿಸುವುದಕ್ಕೂ ರಿಪೇರಿಯ ಕಸುಬಿಗೂ ಪರವಾನಗಿ ಬೇಕು, ನಳಿಗೆಯನ್ನು ಮೊಟಕು ಮಾಡುವುದಕ್ಕಂತೂ ಬೇಕೇ ಬೇಕು. ಕಾಯಿದೆಯನ್ನರಿಯದೆ ಮಾಡಿದೆನೆಂಬ ವಿಜ್ಞಾಪನೆಯನ್ನು ಯಾವ ನ್ಯಾಯಾಲಯವೂ ಮನ್ನಿಸುವುದಿಲ್ಲ.

ಇನ್ನು ನಮ್ಮ ಬಿನ್ನಹವನ್ನು ಸರ್ಕಾರದವರ ಮುಂದಿಟ್ಟು ಮುಗಿಸುತ್ತೇವೆ. ಒಂದನೆಯದಾಗಿ, ಜಿಲ್ಲಾ ಶಸ್ತ್ರಾಗಾರಗಳಲ್ಲಿಯೂ ತಾಲ್ಲೂಕಿನ ಠಾಣೆಗಳಲ್ಲಿಯೂ ಇರುವ ರೈಫಲುಗಳ ಕೈಗಾಪುಗಳನ್ನು ಒಂದು ಗೊತ್ತಾದ ಅವಧಿಯೊಳಗೆ ಆರ್ಮರರುಗಳಿಂದ ತಪಾಸಣೆ ಮಾಡಿಸಿ, ಒಡೆದುವನ್ನು ಬದಲಾಯಿಸಬೇಕು. ಎರಡನೆಯದಾಗಿ, ಬದಲಾಯಿಸಿದ ಪ್ರತಿಯೊಂದು ರೈಫಲಿಗೂ ಗುರಿ ಪರೀಕ್ಷೆಗೆ ಬೇಕಾದ ತೋಟೆಗಳನ್ನು ಪ್ರತ್ಯೇಕ ಮಂಜೂರಾತಿಗೆ ಕಾಯಿಸದೆ ಕೊಡಬೇಕು. ಮೂರನೆಯದಾಗಿ, ಹೊಸ ನಮೂನೆಯನ್ನು ಆರಿಸುವ ಸಮಿತಿಯಲ್ಲಿ ಕಾವಲು ನಿಂತು ಅನುಭವವುಳ್ಳ ಇಬ್ಬರು ಪೇದೆಗಳಾದರೂ ಇರಬೇಕು. ಅವರ ಮಾತು ಕಡತದಲ್ಲಿ ದಾಖಲಾಗಬೇಕು. ನಾಲ್ಕನೆಯದಾಗಿ, ಒಡೆದ ಭಾಗವನ್ನು ತೋರಿಸಿದ ಪೇದೆಯಿಂದ ದಂಡ ವಸೂಲಿಯ ಮಾತನ್ನೆತ್ತದೆ, ಮುಚ್ಚಿಟ್ಟವನನ್ನು ಮಾತ್ರ ವಿಚಾರಿಸುವ ಕ್ರಮ ಬರಬೇಕು. ದಂಡದ ಭಯವಿದ್ದಲ್ಲಿ ಟೇಪಿನ ಸುತ್ತುಗಳು ಹೆಚ್ಚುವುವೇ ಹೊರತು ರೈಫಲುಗಳು ಸುಧಾರಿಸಲಾರವು.

ಇವುಗಳಲ್ಲಿ ಯಾವುದಕ್ಕೂ ಹೊಸ ಶಾಸನ ಬೇಕಿಲ್ಲ, ಕೋಟಿಗಟ್ಟಲೆ ದ್ರವ್ಯ ಬೇಕಿಲ್ಲ. ಕ್ಯಾತಗಾನಚೆರ್ಲುವಿನಿಂದ ಹಿಂದಿರುಗುವಾಗ ಸಂಜೆಯಾಗಿತ್ತು. ಅದೇ ಸ್ಥಳದಲ್ಲಿ ಅದೇ ಪೇದೆ ಇನ್ನೂ ನಿಂತಿದ್ದನು. ಕರವಸ್ತ್ರವನ್ನು ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದನು. ಬಿಸಿಲು ಇಳಿದಿತ್ತು, ಟೇಪು ಮತ್ತೆ ಗಟ್ಟಿಯಾಗಿತ್ತು. ಮರುದಿನ ಬೆಳಗಾದರೆ ಮತ್ತೆ ಬಿಸಿಲು ಬರುವುದೆಂಬುದನ್ನು ಅವನೂ ಬಲ್ಲನು, ನಾವೂ ಬಲ್ಲೆವು. ಸರ್ಕಾರದವರೂ ಬಲ್ಲರೆಂದು ನಂಬಿದ್ದೇವೆ.